ಕೋಲು ಹಿಡಿದವನಿಗೆ ನಂಟಿಲ್ಲ

ಲೀಲಂಡ್ ವೊಸಿಕಾ ಮೂವತ್ತಮೂರು ವರ್ಷ ನಮ್ಮ ಡಾರ್ಸಿ ಊರಿನ ಫುಟ್‌ಬಾಲ್ ಮೈದಾನದಲ್ಲಿ ಕೋಲು ಹಿಡಿದ. ಆಡಿದ್ದಲ್ಲ, ಆಡಿಸಿದ್ದೂ ಅಲ್ಲ, ಬರೀ ಕೋಲು. ಚೆಂಡನ್ನು ಕಾಲಲ್ಲಿ ಒದ್ದಲ್ಲ, ಕೈಯಲ್ಲಿ ಹಿಡಿದು ಓಡಿ ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಒಯ್ಯಬೇಕು ಅನ್ನುವ ಅಮೆರಿಕದ ಆಟ ನಮ್ಮದು. ಒಯ್ದರೋ ಇಲ್ಲವೋ ಅಂತ ಹೇಳುವುದಕ್ಕೆ ಎರಡು ಕೋಲು, ನಡುವೆ ಹತ್ತು ಗಜದ ಸರಪಳಿ. ಒಂದು ಕೋಲು ಅವನದು, ಇನ್ನೊಂದು ನನ್ನದು. ನಾನು ಗೇಲನ್, ಊರಿನ ಮೆಕ್ಕೆಜೋಳದ ಕಣಜದಲ್ಲಿ ಲಾರಿ ತೂಗುವವನು. ಅವನ ಜೊತೆ ಹತ್ತೊಂಬತ್ತು ವರ್ಷ ಸರಪಳಿ ಎಳೆದಿದ್ದೇನೆ. ಅಷ್ಟೂ ವರ್ಷದ ನಮ್ಮ ಮಾತುಕತೆ ಸೇರಿಸಿದರೆ ಒಂದು ಊಟದ ಹೊತ್ತಿಗೆ ಸಾಲದು.

ಸರಪಳಿಯವರು ನಿಲ್ಲುವುದು ನಮ್ಮ ಕಡೆ ಅಲ್ಲ. ಆಚೆ ಗೆರೆಯಲ್ಲಿ, ಬಂದ ತಂಡದವರ ಮಗ್ಗುಲಲ್ಲಿ. ನಮ್ಮೂರ ಬ್ಯಾಂಡು, ಬಿಸಿ ಬಿಸಿ ಮಾಂಸದ ಕಾಳುಸಾರು, ಅದರ ಜೊತೆಗಿನ ಚಕ್ಕೆ ಬನ್ನು ಎಲ್ಲ ಈಚೆ. ನಾವು ಆಚೆ, ಗಾಳಿಗೆ ಮುಖ ಕೊಟ್ಟುಕೊಂಡು, ಯಾರದೋ ಅಜ್ಜಿಯ ಬೈಗುಳ ಕೇಳಿಕೊಂಡು. ನಮ್ಮ ಹುಡುಗ ಗೆರೆ ದಾಟಿದರೆ ಚಪ್ಪಾಳೆ ತಟ್ಟುವಂತಿಲ್ಲ, ಬಿದ್ದರೆ ಅಯ್ಯೋ ಅನ್ನುವಂತಿಲ್ಲ. ನಿಯಮದಲ್ಲಿ ಇರುವುದು ಇಷ್ಟೇ. ಲೀಲಂಡ್ ಅದಕ್ಕೆ ತನ್ನದನ್ನೂ ಸೇರಿಸಿದ್ದ. ನನ್ನ ಮೊದಲ ದಿನ ಎದುರಿನ ಪ್ರೇಕ್ಷಕರ ಮೆಟ್ಟಿಲಿನಿಂದ ನನ್ನ ತಂಗಿ ಕೈ ಬೀಸಿದಳು ಅಂತ ನಾನೂ ಕೈ ಎತ್ತಿದೆ.

"ಇಳಿಸು ಕೈ," ಅಂದ.

"ನನ್ನ ತಂಗಿ ಕಣಯ್ಯ."

"ಕೋಲು ಹಿಡಿದೋನಿಗೆ ನಂಟಿಲ್ಲ. ಇವತ್ತು ತಂಗಿಗೆ ಕೈ ಎತ್ತಿದೋನು ನಾಳೆ ತಂಗಿ ಮಗನಿಗೆ ಕೋಲು ಬಗ್ಗಿಸ್ತಾನೆ."

ಮೊಂಡ ಅಂದರೆ ಮೊಂಡ. ಆದರೆ ಅವನ ಅಳತೆಯನ್ನು ಸುತ್ತಲಿನ ಏಳೂರಿನಲ್ಲಿ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ. ಒಬ್ಬಳನ್ನು ಬಿಟ್ಟು. ಎಲ್ಕ್ ಬೆಂಡ್ ಊರಿನ ಇನೆಜ್ ಪೊಕೊರ್ನಿ ಅನ್ನುವ ಮುದುಕಿ, ಮೊಮ್ಮಕ್ಕಳ ಹಿಂದೆ ಪ್ರತಿ ಆಟಕ್ಕೂ ಬಂದು, ಪ್ರತಿ ಅಳತೆಗೂ "ನಿನ್ನ ಕಣ್ಣು ತೋರಿಸ್ಕೋ ಹೋಗಯ್ಯ" ಅನ್ನುವಳು. ಲೀಲಂಡ್ ಅವಳಿಗೂ ಉತ್ತರ ಕೊಟ್ಟವನಲ್ಲ.

ಅವನ ಹೆಂಡತಿ ಆರ್ಡಿಸ್. ಶಾಲೆಯ ಅಡುಗೆಮನೆಯಲ್ಲಿ ಕೆಲಸ, ಮಕ್ಕಳಿರಲಿಲ್ಲ. ಆಟದ ಗಂಧಗಾಳಿ ಅವಳಿಗೆ ಇರಲಿಲ್ಲ, ಆದರೂ ಒಂದು ಆಟವನ್ನೂ ತಪ್ಪಿಸಿದವಳಲ್ಲ. ಉಳಿದ ಹೆಂಗಸರು ಕೆಳಗಿನ ಸಾಲಿನಲ್ಲಿ ಒಂದೇ ಕಂಬಳಿಯೊಳಗೆ ಮೂವರು ಕೂತು ಊರ ಸುದ್ದಿ ಅಳೆಯುತ್ತಿದ್ದರೆ, ಇವಳು ನೋವಿನ ಮಂಡಿ ಇಟ್ಟುಕೊಂಡು ಮೇಲಿನ ಕೊನೇ ಸಾಲಿಗೆ ಹತ್ತಿ ಒಬ್ಬಳೇ ಕೂರುವಳು. "ಅಲ್ಲಿ ಏನಮ್ಮಾ ಇದೆ, ಸ್ವರ್ಗ ಹತ್ರಾನಾ?" ಅಂತ ಕೆಳಗಿನವರು ರೇಗಿಸುವರು. ಅವಳು ನಕ್ಕು ಸುಮ್ಮನಾಗುವಳು. ಆಟ ಶುರುವಾಗುವ ಮುಂಚೆ ಸಾಸಿವೆ ಬಣ್ಣದ ಕೈಗವಸು ಹಾಕಿದ ಕೈ ಒಂದು ಸಲ ಮೇಲೆತ್ತುವಳು. ಲೀಲಂಡ್ ಆ ಕೈ ನೋಡಿ, ಆಮೇಲೆ ನೆಲ ನೋಡುವನು.

ಎರಡು ವರ್ಷದ ಹಿಂದೆ ಅವಳಿಗೆ ಕಾಯಿಲೆ ಬಲಿಯಿತು. ಆ ಸಲದ ಕೊನೇ ಆಟಕ್ಕೆ ಗಂಡನನ್ನು ಒಂದೇ ಒಂದು ಮಾತು ಕೇಳಿದಳು. ನನ್ನ ಪಕ್ಕ ಕೂತ್ಕೋ, ಕೊನೇ ಸೀಟಿ ಊದೋವರೆಗೆ. ಅವನು ಹೂಂ ಅಂದ. ಕೋಲಿಗೆ ಬದಲಿ ಆಳು ಗೊತ್ತುಮಾಡಿದ್ದೂ ಆಯಿತು, ಎರಡನೇ ಕೋಲಿಗೆ ನಾನು ಇದ್ದೆ. ಇದ್ದೆ ಅನ್ನುವುದು ಬಾಯಿಮಾತು. ಆ ಮಧ್ಯಾಹ್ನ ಕಣಜದ ಮುಂದೆ ನಲವತ್ತು ಲಾರಿ ಸಾಲುಗಟ್ಟಿದ್ದವು, ನಾನು ಹೋಗಲಿಲ್ಲ, ಹೋಗುವುದಿಲ್ಲ ಅಂತ ಹೇಳಿ ಕಳಿಸಲೂ ಇಲ್ಲ. ಆಟ ಶುರುವಾಗುವ ಹೊತ್ತಿಗೆ ಒಂದು ಕೋಲು ನೆಲದ ಮೇಲೆ ಬಿದ್ದಿತ್ತಂತೆ. ಲೀಲಂಡ್ ಹೆಂಡತಿಯ ಪಕ್ಕದಿಂದ ಎದ್ದು, ಮೈದಾನ ದಾಟಿ ಹೋಗಿ ಅದನ್ನು ಎತ್ತಿಕೊಂಡ. ಆರ್ಡಿಸ್ ಒಬ್ಬಳೇ ಕೂತಳು. ಜನವರಿಯಲ್ಲಿ ತೀರಿಕೊಂಡಳು.

ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಅಷ್ಟು ಹಗುರವಾಗುತ್ತಿತ್ತು. ಆಮೇಲಿನ ಎರಡು ವರ್ಷ ಅವನು ಮಧ್ಯಾಹ್ನದ ಊಟಕ್ಕೆ ಕಣಜದ ಪಕ್ಕದ ಕೆಫೆಗೆ ಬರುವುದು ನಿಂತಿತು. ಮನೆಯಲ್ಲಿ ಡಬ್ಬಿ ಸೂಪು ಬಿಸಿಮಾಡಿ ಸಿಂಕಿನ ಮುಂದೆ ನಿಂತೇ ಕುಡಿಯುತ್ತಿದ್ದ. ನಾನು ಒಮ್ಮೆ ಕಿಟಕಿಯಿಂದ ನೋಡಿ, ಬಾಗಿಲು ತಟ್ಟದೆ ವಾಪಸು ಬಂದೆ. ಅಷ್ಟು ಧೈರ್ಯದ ಮನುಷ್ಯ ನಾನು.

ಈ ಅಕ್ಟೋಬರಿನಲ್ಲಿ ನಮ್ಮ ಶಾಲೆಯ ಕಟ್ಟಕಡೆಯ ಆಟ ಬಂತು. ಕಡೆಗೆ ಎಂಟೆಂಟು ಜನ ಆಡುವ ಆಟಕ್ಕೆ ತಂಡದಲ್ಲಿ ಒಂಬತ್ತೇ ಹುಡುಗರು, ಬರುವ ವರ್ಷ ಶಾಲೆ ಎಲ್ಕ್ ಬೆಂಡಿನ ಜೊತೆ ಸೇರಿಹೋಗುತ್ತದೆ. ಹೋದ ವರ್ಷವಷ್ಟೇ ಹೊಸ ಸ್ಕೋರ್ ಬೋರ್ಡು ಹಾಕಿಸಿದ್ದೆವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಕೊನೇ ಆಟ ಎಲ್ಕ್ ಬೆಂಡಿನ ಮೇಲೇ ಬಿದ್ದಿತ್ತು. ಮೈದಾನಕ್ಕೆ ದೀಪ ಇಲ್ಲವಾದ್ದರಿಂದ ನಮ್ಮಲ್ಲಿ ಆಟ ಮಧ್ಯಾಹ್ನ ಎರಡಕ್ಕೆ.

ನಾನು ಲೀಲಂಡ್ ಮನೆಗೆ ಹೋಗಿ ಈ ಸಲ ಬಾಗಿಲು ತಟ್ಟಿದೆ.

"ನಿನ್ನ ಕೋಲಿಗೆ ನನ್ನ ತಂಗಿ ಗಂಡ ಡೆರಿಲ್ ಬರ್ತಾನೆ. ನೀನು ಮೇಲೆ ಕೂತ್ಕೋ."

"ಡೆರಿಲ್? ಅವನು ಚರ್ಚಲ್ಲೇ ಅರ್ಧಕ್ಕೆ ಎದ್ದು ಹೋಗ್ತಾನೆ."

"ಇರ್ತಾನೆ. ನಾನು ಇದೀನಲ್ಲ."

ಅವನು ನನ್ನ ಮುಖ ನೋಡಿದ. ನೀನು ಎಷ್ಟು ಇರ್ತೀಯ ಅನ್ನುವುದು ನನಗೆ ಗೊತ್ತಿಲ್ಲವಾ ಅನ್ನುವ ನೋಟ. ಆಮೇಲೆ ಒಳಗೆ ಹೋಗಿ ಆರ್ಡಿಸಳ ಕೂರುವ ಗಾದಿ ತಂದ. ಕೆಂಪು ಬಟ್ಟೆಯದು, ಒಂದು ಮೂಲೆ ಬಿಚ್ಚಿತ್ತು. "ಕೊನೇ ಸೀಟಿವರೆಗೆ ಅಂದಿದ್ದೆ ಅವಳಿಗೆ," ಅಂದ.

ಆಟದ ದಿನ ಅವನು ಮೇಲಿನ ಸಾಲಿಗೆ ಹತ್ತಿ, ಪಕ್ಕದಲ್ಲಿ ಗಾದಿ ಇಟ್ಟುಕೊಂಡು ಕೂತ. ಆಟ ಶುರುವಾಗುವ ಮುಂಚೆ ಕೈ ಎತ್ತಿದ. ನನಗೇ ಎತ್ತಿದ್ದು ಅಂತ ಗೊತ್ತಿತ್ತು. ನಾನು ನೆಲ ನೋಡಿದೆ. ಕಲಿಸಿದವನೇ ಅವನು, ಇವತ್ತು ಅವನು ನನ್ನಲ್ಲಿ ತಪ್ಪು ಹುಡುಕುವುದು ಬೇಡ ಅಂದುಕೊಂಡೆ.

ಅರ್ಧ ಆಟಕ್ಕೆ ಮೂವತ್ತು–ಆರು, ಆರು ನಮ್ಮದು. ಕೊನೇ ಕಾಲುಭಾಗಕ್ಕೆ ಐವತ್ತೆಂಟು–ಆರು. ಅಂತರ ಅಷ್ಟಾದ ಮೇಲೆ ಸೋಲುವವರ ಮೇಲಿನ ಕರುಣೆಗೆ ಗಡಿಯಾರ ನಿಲ್ಲಿಸದೆ ಓಡಿಸುತ್ತಾರೆ. ಗಾಳಿ ಎದ್ದಿತು, ಮಂಜಿನ ಹುಡಿ ಬೀಳತೊಡಗಿತು. ನಮ್ಮ ಕಡೆಯ ಮೆಟ್ಟಿಲುಗಳು ಒಂದೊಂದೇ ಸಾಲು ಖಾಲಿಯಾದವು. ಕಾಳುಸಾರಿನ ಪಾತ್ರೆ ತೊಳೆದಿಟ್ಟರು, ಬ್ಯಾಂಡಿನವರು ಡೋಲು ಕಟ್ಟಿಟ್ಟರು. ಮೈದಾನದಲ್ಲಿ ನಮ್ಮ ಹುಡುಗರು ಎಂಟು ಜನ, ಹೊರಗೆ ಒಬ್ಬನೇ ಒಬ್ಬ, ಅವನ ಕಾಲಿಗೂ ಪಟ್ಟಿ. ಪ್ರತಿ ಸಲ ಬಿದ್ದು, ಪ್ರತಿ ಸಲ ಎದ್ದು ಸಾಲಿಗೆ ನಿಲ್ಲುತ್ತಿದ್ದರು. ನಾನು ಚಪ್ಪಾಳೆ ತಟ್ಟುವಂತಿರಲಿಲ್ಲ.

ಆಗ ಡೆರಿಲ್ ಕೋಲನ್ನು ನೆಲಕ್ಕೆ ಒರಗಿಸಿದ.

"ಏನೋ ಅದು?"

"ಇನ್ನೇನಿದೆ ಭಾವ ಇಲ್ಲಿ? ಹೆಣಕ್ಕೆ ಔಷಧಿ ಹಚ್ಚಿದ ಹಾಗೆ. ಬೆರಳು ಹೆಪ್ಪುಗಟ್ಟಿದೆ, ಗಾಡಿಯಲ್ಲಿ ಕೂತಿರ್ತೀನಿ."

"ಸೀಟಿ ಊದಿಲ್ಲ ಕಣೋ."

"ನೀನೇ ಊದ್ಕೋ," ಅಂತ ಹೊರಟೇ ಹೋದ. ತಂಗಿಗೆ ಇವನಲ್ಲದೆ ಬೇರೆ ಗಂಡೂ ಸಿಕ್ಕಿದ್ದ ಅನ್ನುವುದು ನಾನು ಇಂಥ ಹೊತ್ತಿನಲ್ಲೆಲ್ಲ ನೆನೆಯುವ ಮಾತು.

ರೆಫರಿ ನನ್ನ ಕಡೆ ನೋಡಿದ. ನಾನು ಏನು ಮಾಡಿದೆ ಅಂತ ಮುಚ್ಚಿಡುವುದಿಲ್ಲ. ಖಾಲಿ ಮೆಟ್ಟಿಲುಗಳ ತುದಿಯಲ್ಲಿ ಒಬ್ಬನೇ ಕೂತಿದ್ದ ಮನುಷ್ಯನ ಕಡೆ ಕೈ ಎತ್ತಿ, ಬಾ ಅಂತ ಕರೆದೆ. ಲೀಲಂಡ್ ಅರ್ಧ ಎದ್ದ. ಮೂವತ್ತಮೂರು ವರ್ಷದ ಅಭ್ಯಾಸ ಅದು. ಒಂದು ಗಳಿಗೆ ಹಾಗೇ ನಿಂತ, ಪಕ್ಕದ ಗಾದಿ ನೋಡಿದ, ಮತ್ತೆ ಕೂತ. ನನಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ನಾಚಿಕೆ. ಒಂದೇ ತಪ್ಪನ್ನು ಒಬ್ಬ ಮನುಷ್ಯನಿಗೆ ಎರಡು ಸಲ ಮಾಡಲು ಹೊರಟಿದ್ದೆ.

"ಕೊಡಯ್ಯ ಇಲ್ಲಿ," ಅನ್ನುವ ದನಿ ಬಂತು. ಇನೆಜ್ ಪೊಕೊರ್ನಿ, ಎಪ್ಪತ್ತೆಂಟರ ಮುದುಕಿ, ಮೊಮ್ಮಗನ ಜಾಕೆಟ್ಟು ಹಾಕಿಕೊಂಡು ಕೋಲು ಎತ್ತಿಕೊಂಡಳು. "ಆ ಮುದುಕ ಅಲ್ಲೇ ಇರಲಿ. ಯಾವತ್ತೂ ಕೂತೋನಲ್ಲ."

ಗಡಿಯಾರದಲ್ಲಿ ಒಂದು ನಿಮಿಷ ಉಳಿದಿತ್ತು. ನಮ್ಮವರ ನಾಲ್ಕನೇ ಯತ್ನ. ಹುಡುಗ ಮೂವರನ್ನು ಮೈಮೇಲೆ ಹೊತ್ತು ಮುಂದಕ್ಕೆ ಬಿದ್ದ, ಅಳತೆಗೆ ಕರೆದರು. ಅವಳು ಮಂಡಿಯೂರಿ ಸರಪಳಿ ಬಿಗಿದಳು. ಅವಳದೇ ಮೊಮ್ಮಗ ಎದುರಿಗೆ ನಿಂತಿದ್ದ, ಅವಳು ತಲೆ ಎತ್ತಲಿಲ್ಲ.

"ಡಾರ್ಸಿದೇ," ಅಂದಳು. "ಒಂದು ಬೆರಳು ಜಾಸ್ತಿ."

"ಅಜ್ಜೀ," ಅಂತ ಮೊಮ್ಮಗ ರಾಗ ಎಳೆದ.

"ಅಳತೆ ಅಂದ್ರೆ ಅಳತೆ. ಹೋಗಿ ಸಾಲಿಗೆ ನಿಲ್ಲು."

ಆ ಹತ್ತು ಗಜದಿಂದ ಏನೂ ಬದಲಾಗಲಿಲ್ಲ. ಮೇಲಿನಿಂದ ಲೀಲಂಡ್ ಮತ್ತೊಮ್ಮೆ ಕೈ ಎತ್ತಿದ, ನಾನು ಮತ್ತೊಮ್ಮೆ ನೆಲ ನೋಡಿದೆ. ಇನ್ನೆರಡು ಯತ್ನ ಆಡಿದರು, ಸೀಟಿ ಊದಿತು. ಎಲ್ಕ್ ಬೆಂಡಿನ ಹುಡುಗರು ಶಿರಸ್ತ್ರಾಣ ತೆಗೆದು ಬಂದು ನಮ್ಮ ಒಂಬತ್ತು ಜನರ ಕೈ ಹಿಡಿದರು. ಮುದುಕಿ ಕೋಲನ್ನು ನನ್ನ ಕೈಗೆ ಕೊಟ್ಟು, "ಅವನಿಗೆ ಹೇಳು, ನಿನ್ನ ಕಣ್ಣು ಸರಿಯಾಗೇ ಇತ್ತು ಅಂತ," ಅಂದು ಬಸ್ಸಿನ ಕಡೆ ಹೋದಳು.

ಕೋಲುಗಳನ್ನು ಅಲ್ಲೇ ಗೆರೆಯ ಮೇಲೆ ಬಿಟ್ಟು, ಮೈದಾನ ದಾಟಿ ಮೇಲೆ ಹತ್ತಿದೆ. ಲೀಲಂಡನ ಟೋಪಿಯ ಮೇಲೆ ಮಂಜು ಕೂತಿತ್ತು.

"ಮುಗೀತು ಕಣಯ್ಯ," ಅಂದೆ.

"ಕೇಳಿಸ್ತು."

ನಾನು ಗಾದಿಯ ಈಚೆ ಬದಿಗೆ ಕೂತೆ. ಅವನೇ ಅಂದ: "ಇಲ್ಲಿಂದ ಆಟ ಏನೂ ಕಾಣ್ಸಲ್ಲ ಗೇಲನ್. ಚೆಂಡು ಯಾವನ ಕೈಲಿದೆ ಅಂತಾನೂ ಗೊತ್ತಾಗಲ್ಲ. ಕೆಳಗಡೆ ಕೂತ್ರೆ ನಮ್ಮ ಹುಡುಗರ ಬೆನ್ನು ಅಡ್ಡ ಬರತ್ತೆ, ಆಚೆ ಗೆರೆ ಕಾಣಲ್ಲ. ಇಲ್ಲಿಂದ ಕಾಣೋದು ಅದೊಂದೇ. ಕೋಲು ಹಿಡಿದೋನು."

ನಾನು ಆಚೆ ಗೆರೆಯ ಕಡೆ ನೋಡಿದೆ.

"ನಾನು ಎರಡು ಸಲ ಕೈ ಎತ್ತಿದೆ ನಿಂಗೆ."

"ನೋಡ್ದೆ. ನೀನೇ ಅಲ್ವಾ ಹೇಳ್ಕೊಟ್ಟಿದ್ದು."

"ಕರೆಯೋಕೆ ಮಾತ್ರ ಎತ್ತಿದೆ ನೀನು."

"ಹೂಂ."

"ನಾನು ಅವಳಿಗೆ ಅದಕ್ಕೂ ಎತ್ತಿದೋನಲ್ಲ," ಅಂದ. ದನಿ ಒಡೆಯಿತು. ಹತ್ತೊಂಬತ್ತು ವರ್ಷದಲ್ಲಿ ಅವನ ಕಣ್ಣಲ್ಲಿ ನೀರು ನೋಡಿದ್ದು ಅವತ್ತೇ. ಹೆಂಡತಿಯನ್ನು ಮಣ್ಣು ಮಾಡಿದ ದಿನವೂ ಇರಲಿಲ್ಲ.

ಎದ್ದು, ಕಂಬಿ ಹಿಡಿದುಕೊಂಡು ಮೆಟ್ಟಿಲು ಇಳಿದ. ಗಾದಿ ಮರೆತ ಅಂತ ನಾನು ಕೂಗಲು ಹೋದೆ, ಆದರೆ ಅವನು ಗಾಡಿ ನಿಲ್ಲಿಸಿದ ಕಡೆ ತಿರುಗಲಿಲ್ಲ. ಯಾರೂ ಇಲ್ಲದ ಮೈದಾನವನ್ನು ಅಡ್ಡ ದಾಟಿ, ಆಚೆ ಗೆರೆಗೆ ಹೋಗಿ, ನಾನು ಬಿಟ್ಟುಬಂದಿದ್ದ ಕೋಲು ಎತ್ತಿಕೊಂಡ. ಅದನ್ನು ನೆಟ್ಟಗೆ ನಿಲ್ಲಿಸಿ, ಮುಖವನ್ನು ಮೇಲಿನ ಸಾಲಿನ ಕಡೆ ತಿರುಗಿಸಿ, ಬಲಗೈ ಎತ್ತಿದ. ಬಹಳ ಹೊತ್ತು ಇಳಿಸಲಿಲ್ಲ.

ನನ್ನ ಕೈ ತಾನಾಗೇ ಮೇಲೆ ಹೊರಟಿತ್ತು, ತಡೆದೆ. ಅದು ನನಗೆ ಎತ್ತಿದ ಕೈ ಅಲ್ಲ. ಗಾದಿಯ ಪಕ್ಕದಿಂದ ನಾಲ್ಕು ಮಾರು ಸರಿದು ಕೂತೆ.