ಕನ್ನಡಿ ಹೋಟೆಲಿನಲ್ಲಿ ಆಯಿಯ ದೋಸೆ

ಎರಡು ಬಸ್ಸು ಎದುರುಬದುರಾದರೆ ಒಂದು ಬಸ್ಸು ಮಣ್ಣಿಗೆ ಇಳಿಯಬೇಕಾಗುವಷ್ಟು ಹೆದ್ದಾರಿ ಕಿರಿದಾಗಿದ್ದ ಕಾಲ ಅದು. ಏಪ್ರಿಲ್ ಬಂತೆಂದರೆ ಕುಮಟೆಯಿಂದ ಧಾರೇಶ್ವರದ ಕಡೆ ಬರುವವರಿಗೆ ರಸ್ತೆಯ ಬದಿಯಲ್ಲಿ ಬಿದಿರಿನ ಗಳುಗಳಿಂದ ಈರುಳ್ಳಿ ಜಡೆಗಳು ನೇತಾಡುವುದು ಕಾಣುತ್ತಿತ್ತು. ಅದರಲ್ಲಿ ಒಂದು ಸಾಲು ನಮ್ಮದು. ಗದ್ದೆಯಿಂದ ಕಿತ್ತ ಈರುಳ್ಳಿಯನ್ನು ಸೊಪ್ಪಿನ ಸಮೇತ ಒಣಗಿಸಿ, ಹುಡುಗಿಯರ ಜಡೆ ಹೆಣೆದ ಹಾಗೆ ಹೆಣೆಯುವ ಕೆಲಸ ಆಯಿಯದು. ನಾವು ಅಮ್ಮನನ್ನು ಕರೆಯುತ್ತಿದ್ದುದೇ ಆಯಿ ಎಂದು. ಮಾರಾಟ ಅಪ್ಪನದು. ಕಾರು ನಿಂತ ಕೂಡಲೇ ಓಡಿಹೋಗಿ "ಸಿಹಿ ಈರುಳ್ಳಿ, ಹಸಿಯಾಗೇ ತಿನ್ಲಕ್ಕು" ಎಂದು ಕೂಗುವುದು ನಾನು ಮತ್ತು ನನ್ನ ಅಣ್ಣ ರಾಘು. ಅಪ್ಪನ ಅಮ್ಮ, ನಮ್ಮ ಅಜ್ಜಿ, ನೆರಳಿನಲ್ಲಿ ಎಲೆಯಡಿಕೆಯ ಕವಳ ಹಾಕಿಕೊಂಡು ಕುಳಿತು ಎಲ್ಲರ ಮೇಲೂ ಕಾರುಬಾರು ನಡೆಸುತ್ತಿದ್ದಳು.

ಆ ದಿನಗಳಲ್ಲಿ ನಮ್ಮ ಕೈ, ಕೂದಲು, ಶಾಲೆಯ ಚೀಲ, ಹಾಸಿಗೆ ಎಲ್ಲವೂ ಈರುಳ್ಳಿ ನಾರುತ್ತಿದ್ದವು. ಅದಕ್ಕೆ ನಮ್ಮ ತಕರಾರು ಇರಲಿಲ್ಲ. ಏಕೆಂದರೆ ಕೊನೆಯ ಜಡೆ ಮಾರಿದ ಮರುದಿನ ಸಂಜೆ ಮನೆಮಂದಿಯೆಲ್ಲ ಕುಮಟೆ ಪೇಟೆಯ ಹೋಟೆಲಿಗೆ ಹೋಗುವುದು ಅಪ್ಪ ಹಾಕಿಕೊಟ್ಟ ಪದ್ಧತಿ. ವರ್ಷಕ್ಕೆ ಒಂದೇ ಸಲ. ದೀಪಾವಳಿಗೂ ನಾವು ಅಷ್ಟು ಕಾದದ್ದಿಲ್ಲ.

ಆ ಹೋಟೆಲಿಗೆ ಒಂದು ದೇವರ ಹೆಸರಿತ್ತು. ನಾವು ಮಾತ್ರ ಅದನ್ನು ಕನ್ನಡಿ ಹೋಟೆಲು ಎನ್ನುತ್ತಿದ್ದೆವು. ಪೇಟೆಯ ನಡುವೆ, ಬಟ್ಟೆ ಅಂಗಡಿಯ ಮೇಲಿನ ಮಾಳಿಗೆ. ನಾಲ್ಕೂ ಗೋಡೆಗೆ ಕನ್ನಡಿ. ಮೆಟ್ಟಿಲ ಬುಡದಲ್ಲೇ ಸಾಂಬಾರಿನ ಇಂಗು, ತುಪ್ಪದಲ್ಲಿ ಕೆಂಪಾಗುವ ದೋಸೆ, ಆಗಷ್ಟೇ ಇಳಿಸಿದ ಕಾಪಿ, ಮೂರರ ವಾಸನೆಯೂ ಬಂದು ಮೂಗಿಗೆ ಮುತ್ತಿಕೊಳ್ಳುತ್ತಿತ್ತು. ಮನೆಯಲ್ಲಿ ದಿನಬೆಳಗಾದರೆ ಬಂಗಡೆ, ತಾರ್ಲೆ ಮೀನು, ಕುಚ್ಚಲಕ್ಕಿ ಅನ್ನ. ಹಾಗೆ ಬೆಳೆದ ನಮಗೆ ಮಸಾಲೆ ದೋಸೆಯೆಂದರೆ ಬೇರೆಯೇ ಲೋಕ.

ಆದರೆ ಆಯಿ ಆ ಲೋಕಕ್ಕೆ ಸರಿಯಾಗಿ ಕಾಲಿಟ್ಟಿರಲಿಲ್ಲ. ಮನೆಯಲ್ಲಿ ಅವಳು ಉಣ್ಣುತ್ತಿದ್ದುದು ಎಲ್ಲರದೂ ಆದ ಮೇಲೆ. ಹಾಗೆಂದು ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅಜ್ಜಿಯೂ ಸೊಸೆಯಾಗಿದ್ದಾಗ ಹಾಗೆಯೇ ಉಂಡವಳು. ಆಯಿ ಹೋಟೆಲಿನಲ್ಲೂ ಅದನ್ನೇ ನಡೆಸುತ್ತಿದ್ದಳು. ಮಾಣಿ ಬಂದು ಕೇಳಿದರೆ, "ನಂಗೆ ಎಂತದೂ ಬ್ಯಾಡ. ಇವ್ರದ್ದೆಲ್ಲ ಆಗ್ಲಿ, ಉಳದ್ರೆ ತಿಂತೆ" ಎನ್ನುವಳು. ಕೊನೆಗೆ ನಮ್ಮ ತಟ್ಟೆಗಳಲ್ಲಿ ಬಿಟ್ಟ ದೋಸೆಯ ತುದಿಗಳನ್ನೆಲ್ಲ ಒಟ್ಟು ಮಾಡಿ, ಆರಿದ ಚಟ್ನಿಯಲ್ಲಿ ಅದ್ದಿ ತಿಂದು, ಚಲೋ ಇತ್ತು ಎಂದು ಏಳುವಳು. ಅಪ್ಪ ಪ್ರತಿ ಸಲವೂ ಕಾಲು ದೋಸೆ ಬಿಡುತ್ತಿದ್ದ. ಹೊಟ್ಟೆ ತುಂಬಿ ಬಿಡುತ್ತಿದ್ದನೋ ಅವಳಿಗೆಂದು ಬಿಡುತ್ತಿದ್ದನೋ, ಅಪ್ಪನ ಬಾಯಿಂದ ಅಂಥದ್ದನ್ನೆಲ್ಲ ಹೊರಡಿಸುವುದು ಸಾಧ್ಯವಿರಲಿಲ್ಲ.

ನಾನು ನಾಲ್ಕನೆಯ ತರಗತಿ ಮುಗಿಸಿದ್ದ ವರ್ಷ. ಅಂಗಳದಲ್ಲಿ ಜಡೆ ಹೆಣೆಯುತ್ತಿದ್ದ ಆಯಿಯ ಪಕ್ಕ ಕುಳಿತು, "ಆಯಿ, ನಿಂಗೆ ಮಸಾಲೆ ದೋಸೆ ಸೇರೂದಿಲ್ವ?" ಎಂದು ಕೇಳಿದೆ.

"ಸೇರ್ತದೆ. ತುದಿ ರುಚಿ ಗೊತ್ತದೆ. ಮಧ್ಯದ್ದು ಹ್ಯಾಂಗಿರ್ತದೆ ಅಂತ ಗೊತ್ತಿಲ್ಲ ನೋಡು" ಎಂದು ಆಯಿ ನಕ್ಕಳು.

ನನಗೆ ನಗು ಬರಲಿಲ್ಲ. ದೋಸೆಯ ಜೀವವೆಲ್ಲ ಇರುವುದು ಆ ಮಧ್ಯದಲ್ಲಿ. ಅಷ್ಟೆಲ್ಲ ಈರುಳ್ಳಿ ಹೆಣೆದವಳಿಗೆ ಈರುಳ್ಳಿ ಹಾಕಿದ ಪಲ್ಯವೇ ಸಿಗುತ್ತಿರಲಿಲ್ಲ. ಓಡಿಹೋಗಿ ರಾಘುವಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಒಂದು ಉಪಾಯ ಹೇಳಿದ.

"ಉಳದ್ರೆ ತಾನೆ ಅವ್ಳು ಉಳದದ್ದು ತಿಂಬದು? ಈ ಸಲ ಉಳಸೂದೇ ಬ್ಯಾಡ. ಅಪ್ಪಂದೂ ನಾವೇ ತಿಂದ್ಬಿಡ್ವ. ಆಗ ಅವ್ಳು ತನ್ಗೆ ಬೇರೆ ಹೇಳ್ಲೇಬೇಕಲ್ಲ?"

ಇಷ್ಟು ಸುಲಭದ ಉಪಾಯ ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲವೆಂದು ಹೆಮ್ಮೆಯಿಂದ ನಮ್ಮ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೋಗುವ ದಿನ ಮಧ್ಯಾಹ್ನ ಇಬ್ಬರೂ ಹೊಟ್ಟೆನೋವೆಂದು ನೆಪ ಹೇಳಿ ಊಟ ಬಿಟ್ಟೆವು. ಸಂಜೆ ಸೋಪು ಸವೆಯುವ ತನಕ ಕೈ ತಿಕ್ಕಿ, ಪೌಡರ್ ಬಳಿದುಕೊಂಡು, ಎಲ್ಲರಿಗಿಂತ ಮೊದಲು ಹೆದ್ದಾರಿಯಲ್ಲಿ ನಿಂತೆವು. ಆಯಿ ಹಸಿರು ಸೀರೆ ಉಟ್ಟು ಅಬ್ಬಲಿಗೆ ಮುಡಿದಿದ್ದಳು. ಬಸ್ಸಿನ ಕಿಟಕಿಯಿಂದ ಕುಮಟೆಯ ದೀಪಗಳು ಕಂಡಾಗಲೇ ನಾನು ಇಳಿಯಲು ಎದ್ದು ನಿಂತೆ, ದೋಸೆಗೋ ಉಪಾಯಕ್ಕೋ ಗೊತ್ತಿಲ್ಲ.

ನಾಲ್ಕು ಮಸಾಲೆ ದೋಸೆ ಬಂದವು. ಆಯಿ ಎಂದಿನಂತೆ ಬ್ಯಾಡ ಎಂದಳು. ನಾವು ಕೆಲಸಕ್ಕೆ ಇಳಿದೆವು. ಮೊದಲನೆಯ ಅರ್ಧ ಸ್ವರ್ಗವಾಗಿತ್ತು. ಆಮೇಲೆ ಮಧ್ಯಾಹ್ನ ಖಾಲಿ ಬಿಟ್ಟಿದ್ದ ಹೊಟ್ಟೆಯೇ ಮುನಿಸಿಕೊಂಡು ಬೇಗ ತುಂಬತೊಡಗಿತು. ರಾಘು ಮೇಜಿನ ಕೆಳಗೆ ನನ್ನ ಕಾಲು ಒತ್ತಿದ. ನಾನು ನೀರು ಕುಡಿದು ಕುಡಿದು ನುಂಗಿದೆ. ಅಪ್ಪ ತನ್ನ ಕಾಲು ದೋಸೆಯನ್ನು ಬದಿಗೆ ಸರಿಸಿದ್ದೇ ತಡ, ರಾಘು ಅದನ್ನು ಎಳೆದುಕೊಂಡು ಬಾಯಿಗೆ ತುರುಕಿದ. "ಎಂತ ಮಾರಾಯ, ಬರಗೆಟ್ಟವ್ರ ಹಾಂಗೆ" ಎಂದು ಅಪ್ಪ ಗದರಿದ. ಅಜ್ಜಿ ಬಿಟ್ಟಿದ್ದ ತುಂಡು ನನ್ನ ಪಾಲಿಗೆ ಬಂತು. ಬೆರಳಿನಿಂದ ಚಟ್ನಿಯನ್ನೂ ಒರೆಸಿ ತಿಂದು, ಗೆದ್ದ ಮುಖ ಮಾಡಿ ಆಯಿಯನ್ನು ನೋಡಿದೆವು.

ಆಯಿ ಒಂದೊಂದೇ ತಟ್ಟೆಯನ್ನು ನೋಡಿದಳು. ಅವಳ ಮುಖದಲ್ಲಿ ನಿಜವಾದ ಸಂತೋಷವಿತ್ತು. "ಈ ವರ್ಷ ಮಕ್ಕಳು ಚಲೋ ತಿಂದ್ವು. ನಂಗೆ ಅಷ್ಟೇ ಸಾಕು" ಎಂದಳು. ಲೋಟದ ನೀರು ಕುಡಿದು, ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ನಡೀರಿ, ಬಸ್ ತಪ್ತದೆ."

ನಾವು ಅವಳ ಪಾಲಿನ ತುದಿಯನ್ನೂ ಕಸಿದುಕೊಂಡಿದ್ದೆವು. ನನಗೆ ಅಳು ತಡೆಯಲಾಗಲಿಲ್ಲ. "ಆಯಿ ಎಂತದೂ ತಿನ್ಲಿಲ್ಲ. ಅವ್ಳಿಗೆ ಮಧ್ಯದ್ದು ಸಿಗ್ಲಿ ಅಂತ ನಾವು ಖಾಲಿ ಮಾಡಿದ್ದು" ಎಂದು ಬಿಕ್ಕಿದೆ.

"ಅಯ್ಯೋ, ಮನೆಗ್ ಹೋಗಿ ಗಂಜಿ ಉಂಡ್ರಾತು" ಎಂದು ಆಯಿ ನನ್ನ ಮೂಗು ಒರೆಸಿದಳು. ಅಪ್ಪ ಗಡಿಯಾರ ನೋಡುತ್ತ ಎದ್ದ. ನಮ್ಮ ಕಡೆಯ ಕೊನೆಯ ಬಸ್ಸು ಹೊರಡುವ ಹೊತ್ತಾಗಿತ್ತು.

ಅಜ್ಜಿ ಏಳಲಿಲ್ಲ. ಬಸಿಯಲ್ಲಿ ಉಳಿದಿದ್ದ ಚಾ ಕುಡಿದು ಮುಗಿಸಿ, "ಕೂತ್ಕಳಿ ಎಲ್ಲ" ಎಂದಳು. ಆಮೇಲೆ ಮಾಣಿಯ ಕಡೆ ತಿರುಗಿ, "ತಮಾ, ಇನ್ನೊಂದ್ ಮಸಾಲೆ ದೋಸೆ ತಕಂಡ್ ಬಾ. ಬಿಸಿ ಇರ್ಲಿ" ಎಂದಳು.

"ಅತ್ತೆ, ಬಸ್ಸು..." ಎಂದಳು ಆಯಿ.

"ಬಸ್ ನಾಳಿಗೂ ಬತ್ತದೆ. ಪಂಕ್ತಿಯಲ್ಲಿ ಒಬ್ರದ್ ಬಾಕಿ ಇದ್ರೆ ಉಳದವ್ರು ಏಳೂಕಾಗ. ಅದೂ ಗೊತ್ತಿಲ್ವ ನಿಂಗೆ?"

"ಇದು ಹೋಟ್ಲು ಅಲ್ದ ಅತ್ತೆ, ಪಂಕ್ತಿ ಎಲ್ಲಿ?"

"ನಾ ಕೂತಲ್ಲೆಲ್ಲ ಪಂಕ್ತಿಯೇ" ಎಂದಳು ಅಜ್ಜಿ.

ಅಪ್ಪ ಶಾಲೆಯ ಹುಡುಗನಂತೆ ತೆಪ್ಪಗೆ ಕುಳಿತ. ಕೆಳಗೆ ಬೀದಿಯಲ್ಲಿ ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು. ಯಾರೂ ಕೈ ತೊಳೆಯಲಿಲ್ಲ. ಬೆರಳುಗಳಲ್ಲಿ ಚಟ್ನಿ ಒಣಗಿ ಬಿಗಿಯುತ್ತಿತ್ತು. ಗೋಡೆಯ ಕನ್ನಡಿಗಳಲ್ಲಿ ನಮ್ಮಂಥವೇ ಎಷ್ಟೋ ಮನೆಮಂದಿ ಸಾಲಾಗಿ ಕುಳಿತು ಆಯಿಯ ದೋಸೆಗೆ ಕಾಯುತ್ತಿದ್ದರು. ನನ್ನ ಅಳು ಎಲ್ಲಿ ಹೋಯಿತೋ, ಕುರ್ಚಿಯಲ್ಲಿ ಕೂರಲಾಗದಷ್ಟು ಖುಷಿಯಾಗಿತ್ತು.

ದೋಸೆ ಬಂತು. ಆಯಿ ನಾಚಿ ನಾಚಿ ತುದಿಯನ್ನು ಮುರಿದಳು. "ಆಯಿ, ಮಧ್ಯದ್ದು" ಎಂದ ರಾಘು. ಅವಳು ಮಧ್ಯಕ್ಕೆ ಬೆರಳು ಹಾಕಿದಾಗ ಹಬೆ ಎದ್ದಿತು. ಬೆರಳಿಗೆ ಉಫ್ ಎಂದು ಗಾಳಿ ಊದಿ, ಪಲ್ಯದ ಸಮೇತ ಒಂದು ದೊಡ್ಡ ತುತ್ತು ಬಾಯಿಗಿಟ್ಟುಕೊಂಡಳು.

"ಹ್ಯಾಂಗದೆ?" ಎಂದೆ.

"ಸುಡ್ತದೆ" ಎಂದಳು. ಹೇಳುತ್ತಲೇ ನಗು ಬಂದು ಕಣ್ಣಲ್ಲಿ ನೀರಾಡಿತು. ಅರ್ಧಕ್ಕೆ ಬಂದಾಗ ಒಂದು ತುಂಡನ್ನು ಅಭ್ಯಾಸಬಲದಿಂದ ರಾಘುವಿನ ಕಡೆ ಚಾಚಿದಳು. ಅಜ್ಜಿ ಅವಳ ಕೈಯನ್ನೇ ಹಿಡಿದು ವಾಪಸು ತಿರುಗಿಸಿದಳು. ಆಯಿ ಪೂರ್ತಿ ತಿಂದು ಕೈ ಎತ್ತಿದ ಮೇಲೆಯೇ ಅಜ್ಜಿ ಎದ್ದದ್ದು, ಅಜ್ಜಿ ಎದ್ದ ಮೇಲೆಯೇ ನಾವು.

ದೋಣಿ ನಿಲ್ಲುವ ಧಕ್ಕೆಯಲ್ಲಿ ಐಸ್ ಇಳಿಸಿ ವಾಪಸಾಗುತ್ತಿದ್ದ ಮೀನಿನ ಟೆಂಪೊ ಒಂದು ಸಿಕ್ಕಿತು. ಅಜ್ಜಿ ಮುಂದೆ ಡ್ರೈವರನ ಪಕ್ಕ ಮಹಾರಾಣಿಯಂತೆ ಕುಳಿತಳು. ಉಳಿದವರು ಹಿಂದೆ ಖಾಲಿ ಪೆಟ್ಟಿಗೆಗಳ ಮೇಲೆ. ಗಾಳಿಗೆ ಆಯಿಯ ಅಬ್ಬಲಿಗೆ ಹಾರಿಹೋಯಿತು. ಅವಳು ಭತ್ತದ ಗದ್ದೆಯ ನೆಟ್ಟಿಯ ಹಾಡು ಶುರು ಮಾಡಿದಳು, ಮುಂದಿನಿಂದ ಅಜ್ಜಿ ದನಿ ಕೂಡಿಸಿದಳು. ಮಾರನೆಯ ದಿನವೆಲ್ಲ ನಮ್ಮ ಹೊಸ ಬಟ್ಟೆ ಮೀನು ನಾರಿತು. ಮುಂದಿನ ವರ್ಷದಿಂದ ನಮ್ಮ ಮೇಜಿಗೆ ಐದು ದೋಸೆ ಬರತೊಡಗಿದವು.

ಈಗ ಕನ್ನಡಿ ಹೋಟೆಲು ಇಲ್ಲ, ಆ ಮಾಳಿಗೆಯಲ್ಲಿ ಮೊಬೈಲ್ ಅಂಗಡಿಯಿದೆ. ಹೆದ್ದಾರಿ ಅಗಲವಾಗಿ ನಮ್ಮ ಗದ್ದೆಯ ಅಂಚು ಹೋಯಿತು. ಅಜ್ಜಿಯೂ ಅಪ್ಪನೂ ಹೋದರು. ನಾನು ಹೊನ್ನಾವರದಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದೇನೆ.

ಹೋದ ತಿಂಗಳು ಕುಮಟೆಯ ಹೊಸ ಹೋಟೆಲೊಂದಕ್ಕೆ ಎಲ್ಲರೂ ಹೋಗಿದ್ದೆವು. ಎಲ್ಲರಿಗಿಂತ ಮೊದಲು "ನಂಗೊಂದ್ ಮಸಾಲೆ" ಎಂದದ್ದು ಆಯಿಯೇ. ಕೇಳಿ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಒಬ್ಬೊಬ್ಬರದು ಒಂದೊಂದು ತಿಂಡಿ, ಬಂದದ್ದೂ ಒಂದೊಂದು ಹೊತ್ತಿಗೆ. ನನ್ನ ಮಗಳು ಮುಗಿಸಿ ಫೋನು ಹಿಡಿದು ಹೊರಗೆ ಹೋದಳು. ನನ್ನ ಗಂಡ ಬಿಲ್ಲು ಕೊಡಲು ಎದ್ದರು. ರಾಘು ಕಾರು ತೆಗೆಯಲು ಹೋದ, ಅತ್ತಿಗೆಯೂ ಅವನ ಹಿಂದೆ. ಆಯಿಗೆ ಈಗ ಹಲ್ಲಿಲ್ಲ, ನಿಧಾನ. ಅವಳ ತಟ್ಟೆಯಲ್ಲಿ ಇನ್ನೂ ಅರ್ಧವಿತ್ತು. ಅವಳು ಸುತ್ತ ನೋಡಿ ಮೇಜು ಹಿಡಿದು ಏಳಲು ಹೊರಟಳು.

"ಇನ್ನೂ ಅದೆಯಲ್ಲ ಆಯಿ."

"ಆತು ಬಿಡು. ಎಲ್ರದ್ದೂ ಆತಲ್ಲ, ಕಾಯ್ಸೂದ್ ಬ್ಯಾಡ."

ಒಂದೇ ಮಾತಿಗೆ ಎಲ್ಲರನ್ನೂ ಕೂರಿಸುವ ದನಿ ನನಗೆ ಬಂದಿಲ್ಲ. ಬಂದಿದ್ದರೂ ಕೇಳುವವರು ಆಗಲೇ ಮೆಟ್ಟಿಲು ಇಳಿದಿದ್ದರು. ನಾನು ಕೈ ತೊಳೆಯದೆ ಅಲ್ಲೇ ಕುಳಿತೆ. ಹೊರಗೆ ರಾಘು ಹಾರ್ನ್ ಹೊಡೆದ. ಆಯಿ ನನ್ನ ಮುಖ ನೋಡಿ, ಮತ್ತೆ ಕುಳಿತು, ಒಂದು ತುಂಡು ಮುರಿದುಕೊಂಡಳು. ನಮ್ಮ ಸುತ್ತಲಿನ ನಾಲ್ಕು ಕುರ್ಚಿಗಳು ಖಾಲಿ ಇದ್ದವು.