ಫೆಲಿಕ್ಸನ ಕೈಗೆ ಕೊಡದ ಕೋವಿ

ಫೆಲಿಕ್ಸ್, ಮಕ್ಕಳ ಕೋರ್ಟು ಕಂಡವನಿಗೆ ಕೋವಿ ಕೊಡಬಾರದೆಂದು ನಿನ್ನನ್ನು ತಡೆದ ನಾನೂ ಚಿಕ್ಕವನಿದ್ದಾಗ ಅದೇ ಕೋರ್ಟು ಕಂಡವನು. ಬಸ್ ಕಂಡಕ್ಟರನೊಬ್ಬನ ತಲೆ ಒಡೆದಿದ್ದೆ. ಇದನ್ನು ಹೆಂಡತಿಗೂ ಹೇಳಿಲ್ಲ.

ತೊಂಬತ್ತರ ಆಗಸ್ಟ್. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತ್ತು. ನಾವಿದ್ದ ಸಾಲ್ಮಿಯಾ ಬಡಾವಣೆಯಲ್ಲಿ ಮನೆಮನೆ ಲೂಟಿ. ನನಗೆ ವೀಸಾ ಕೊಟ್ಟ ಅರಬಿ ಧಣಿ, ನನ್ನ ಕಫೀಲ್, ಸೌದಿಗೆ ಓಡುವಾಗ ತನ್ನ ಬೇಟೆಯ ಕೋವಿಯನ್ನು ನನ್ನಲ್ಲಿ ಬಿಟ್ಟಿದ್ದ. ಬಿಲ್ಡಿಂಗಿನ ಗಂಡಸರೆಲ್ಲ ಆ ಕೋವಿ ಹಿಡಿದು ಸರದಿ ಕಾವಲಿಗೆ ಒಪ್ಪಿದಾಗ ನಾನು ಊರಿನ ಲೈಸೆನ್ಸಿನ ಕ್ರಮವನ್ನು ಎತ್ತಿದೆ — ಗದ್ದೆಗೆ ಬರುವ ಹಂದಿ ಓಡಿಸುವ ಕೋವಿಗೂ ಪೊಲೀಸರು ಕೇಳುವುದಿಲ್ಲವೇ, ಕೇಸು ಉಂಟಾ ಎಂದು?

ನೀನು ಮುಚ್ಚಿಡಲಿಲ್ಲ. "ಸಣ್ಣದಿರುವಾಗ ಒಂದಿತ್ತು ಶೆಟ್ರೆ. ಆಚೆಮನೆಯವರ ಕೋವಿ ಹಾರಿಸಿದ್ದು, ಅವರದೇ ಎಮ್ಮೆಗೆ ತಾಗಿತು."

ಎಲ್ಲರೂ ನಕ್ಕರು. ನಾನು ನಗಲಿಲ್ಲ. "ಹಾಗಾದ್ರೆ ನಿನಗೆ ಕೋಲು ಸಾಕು ಮಾರಾಯ."

ನಿನ್ನ ಬಸುರಿ ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನಾನೇಕೆ ಹಾಗೆ ಮಾಡಿದೆ? ಕೋವಿ ನನ್ನ ಕೈಯಲ್ಲೇ ಇರಲೆಂದು... ಇಲ್ಲ, ಅದಷ್ಟೇ ಅಲ್ಲ. ನನ್ನ ಕೇಸನ್ನು ಯಾರೂ ಕೇಳದಂತೆ, ಕೇಳುವವನು ನಾನೇ ಆದೆ.

ಲೂಟಿಯವರು ಬಂದದ್ದು ಹಾಡಹಗಲು, ನಿನ್ನ ಸರದಿಯಲ್ಲೇ. ಭುಜ ಮುರಿದರೂ ನೀನು ಗೇಟಿನಿಂದ ಸರಿಯಲಿಲ್ಲ. ನಾನು ಕೋವಿಯನ್ನು ಅಕ್ಕಿಮೂಟೆಯ ಹಿಂದೆ ತಳ್ಳಿ ಬರಿಗೈಯಲ್ಲಿ ಇಳಿದುಬಂದೆ. ಕುವೈತಿನ ರಾಯ್ ಪೇಟೆಯಲ್ಲಿ ಟಯರ್ ಮಾರುತ್ತ ಕಲಿತ ಅರಬಿಯಲ್ಲಿ ಚೌಕಾಸಿಗೆ ಕೂತೆ. ನನ್ನ ವ್ಯಾನೊಂದಕ್ಕೆ ಅವರನ್ನು ಒಪ್ಪಿಸಿದೆ. "ಖಲಾಸ್" ಎಂದು ಹೊರಟೇಹೋದರು. ಒಳಗಿದ್ದ ಯಾರ ಕೂದಲೂ ಕೊಂಕಲಿಲ್ಲ. ಅದರ ಬಗ್ಗೆ ಹೆಮ್ಮೆಯಿದೆ — ಇಂದಿಗೂ ಇದೆ, ಮರೆಮಾಚುವುದಿಲ್ಲ. ವ್ಯಾಪಾರಕ್ಕಿಳಿಯುವವರಿಗೆಲ್ಲ ಹೇಳುತ್ತೇನೆ: ಎದುರಿನವನಿಗೆ ತಾನೇ ಗೆದ್ದೆ ಎನ್ನಿಸಿ ಕಳಿಸಿ.

ಆದರೆ ಆ ಸಂಜೆ, ಕೈಯನ್ನು ಬಟ್ಟೆಯಲ್ಲಿ ಕೊರಳಿಗೆ ಕಟ್ಟಿಕೊಂಡು ನೀನೇ ಬಂದು ಹೇಳಿದೆಯಲ್ಲ — "ನನಗೆ ಕೋವಿ ಕೊಡದ್ದೇ ಒಳ್ಳೇದಾಯ್ತು ಶೆಟ್ರೆ. ಇದ್ದಿದ್ರೆ ಹೊಡೆದೇ ಬಿಡ್ತಿದ್ದೆ, ಎಲ್ಲರನ್ನೂ ಕೊಲ್ಲಿಸ್ತಿದ್ದೆ. ನನ್ನ ರಕ್ತವೇ ಹಾಗೆ ಅಲ್ವಾ?"

ಅಲ್ಲ ಎನ್ನಬೇಕಿತ್ತು. ಕೋರ್ಟು ಕಂಡ ಇನ್ನೊಬ್ಬನ ಬಳಿ ಆ ಕೋವಿ ಇತ್ತು, ಅವನು ಹೊಡೆಯಲಿಲ್ಲ — ಇಷ್ಟು ಹೇಳಿದ್ದರೆ ಸಾಕಿತ್ತು. ನಾನು ನಿನ್ನ ಬೆನ್ನು ತಟ್ಟಿದೆ. ನೀನು ಇಷ್ಟು ವರ್ಷ ನಿನಗೆ ನೀನೇ ಹೆದರುತ್ತ ಬದುಕಿದೆ.

ಬರುವ ವಾರ ನಿನ್ನ ಮಗಳ ಮದುವೆ. ಹಳೆಯ ಬಿಲ್ಡಿಂಗಿನವರೆಲ್ಲ ಸೇರುತ್ತಾರೆ. ನನ್ನ ಬಾಯಲ್ಲಿ ಆ ದಿನದ ಕಥೆ ಕೇಳುತ್ತಾರೆ. ಈ ಸಲ ಪೂರ್ತಿ ಹೇಳುತ್ತೇನೆ. ಆಮೇಲೆ ನನ್ನನ್ನು ಊಟಕ್ಕೆ ಕೂರಿಸುವುದು, ಬಿಡುವುದು ನಿನಗೆ ಬಿಟ್ಟದ್ದು.