ಅಕ್ಕನ ಒರಗುದಿಂಬು

ನಿಜಾಮನ ಆಳಿಕೆಯ ಕೊನೆಯ ವರ್ಷಗಳವು. ನಮ್ಮ ಯಲಬುರ್ಗಿಯಲ್ಲಿ ಆಗ ಹೆಣ್ಣುಮಕ್ಕಳ ಸಾಲೆಯೆಂದರೆ ತಲೆಬಾಗಿಲಿನ ಕಟ್ಟೆಯೇ. ಮಧ್ಯಾಹ್ನ ಊಟವಾದ ಮೇಲೆ ದೊಡ್ಡವರು ಬೆಳಕು ಬೀಳುವ ಕಡೆ ಕುಳಿತು ಕಸೂತಿ ಹಾಕುತ್ತಿದ್ದರು. ನಮ್ಮಂಥ ಚಿಕ್ಕವರು ಪಕ್ಕದಲ್ಲೇ ಚೌಕಾಬಾರ ಆಡುತ್ತ, ಕರೆದಾಗ ಎದ್ದು ಹೋಗಿ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆವು. ಆ ದಿನಗಳನ್ನು ನೆನೆದರೆ ನಿಮಗೆ ಹುರಿದ ಶೇಂಗಾದ ವಾಸನೆ ಬರಬಹುದು. ನನಗೆ ಬರುವುದು ಮುಲಾಮಿನ ನಾತ.

ನೀಲಕ್ಕ ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಆ ವರ್ಷ ಸಂಕ್ರಾಂತಿಯಿಂದ ಬೇಸಿಗೆಯವರೆಗೆ ಅವಳು ಹಾಲುಬಣ್ಣದ ಕೈಮಗ್ಗದ ಅರಿವೆಯ ಒಂದು ಚೌಕ ಹಿಡಿದು ಕುಳಿತಿದ್ದಳು. ಅವ್ವನ ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಬಿಡಿಸಿದ ರೇಷ್ಮೆ ಎಳೆಗಳು. ನಡುವೆ ಗೋಪುರ, ಸುತ್ತ ಅಂಬಾರಿ ಹೊತ್ತ ಆನೆಗಳು, ಮೂಲೆಗೊಂದು ನವಿಲು. ಎಲ್ಲಿಯೂ ಗಂಟಿಲ್ಲ. ತಿರುಗಿಸಿ ನೋಡಿದರೆ ಹಿಂದೆಯೂ ಅದೇ ಗೋಪುರ, ಅದೇ ಆನೆ.

ಅದು ಮುಗಿದ ವಾರವೇ ಗಂಗಾವತಿಯ ಸಾಹುಕಾರರೊಬ್ಬರು ತಮ್ಮ ಮಗನಿಗೆ ಹೆಣ್ಣು ನೋಡಲು ಬರುತ್ತಾರೆಂದು ಸುದ್ದಿ ಬಂತು. ಅಪ್ಪನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಯಿ, ಅಂದರೆ ಅಪ್ಪನ ತಾಯಿ, ಆ ಚೌಕವನ್ನು ಕೈಗೆತ್ತಿಕೊಂಡು, "ಇದನ್ನ ಒರಗೂ ದಿಂಬು ಮಾಡೂಣು. ಅವರ ಬೆನ್ನಿಗೆ ಇಟ್ಟರ ಹುಡುಗಿ ಕೈ ಎಂಥಾದ್ದು ಅಂತ ಹೇಳೂದ ಬ್ಯಾಡ" ಎಂದಳು.

"ಹಿಂದಿನ ಬದಿ ಒಳಗ ಹೋಕ್ಕೈತಲ್ಲ ಆಯಿ" ಎಂದಳು ಅಕ್ಕ.

"ಹೋಗಲೇಳು. ದೇವರು ನೋಡತಾನ."

ಮನೆಯಲ್ಲಿ ಅಂಡಿಗೆಗಟ್ಟಲೆ ಹೊಸ ಹತ್ತಿ ಬಿದ್ದಿತ್ತು, ಅಪ್ಪನದು ಹತ್ತಿಯ ವ್ಯಾಪಾರವೇ. ಆದರೂ ಆಯಿಗೆ ಹೊಸದನ್ನು ಮುಟ್ಟಲು ಮನಸ್ಸಿಲ್ಲ. ಅಟ್ಟದಿಂದ ಒಂದು ಹಳೆಯ ಗಾದಿ ಇಳಿಸಿದಳು. ನಾವು ಮಕ್ಕಳೆಲ್ಲ ಸರದಿಯಂತೆ ಉಚ್ಚೆ ಹೊಯ್ದು ಬೆಳೆದ ಗಾದಿ ಅದು. ಹೊಲಿಗೆ ಬಿಚ್ಚಿ ಹತ್ತಿ ಕೀಳುವ ಕೆಲಸ ನನ್ನ ಪಾಲಿಗೆ ಬಂತು. ಹಳದಿ ಹೆಪ್ಪು, ಒಣಗಿದ ತಗಣಿ, ನಡುವೆ ಒಂದು ಇಲಿಗೂಡು. ಗೂಡಿನಲ್ಲಿ ಕಣ್ಣು ಬಿಡದ ಗುಲಾಬಿ ಮರಿಗಳು ನನ್ನ ಬೆರಳಿಗೆ ತಾಗಿ ಮಿಸುಕಿದವು. ನಾನು ಕಿರುಚಿ ಬಚ್ಚಲಿಗೆ ಓಡಿದೆ.

"ಬಿಸಿಲಿಗಿಟ್ಟು ಪಿಂಜಾರನ ಕೈಲಿ ಬಡಸಿದರ ಎಲ್ಲಾ ಮಡಿ ಆಕ್ಕೈತಿ" ಎಂದಳು ಆಯಿ. ಪಿಂಜಾರ ಬಂದು ಬಿಲ್ಲು ಮಿಡಿದು ಹತ್ತಿಯನ್ನು ಹಿಂಜಿದ. ನೊರೆಯಂತೆ ಬೆಳ್ಳಗೆ ಉಬ್ಬಿತು, ನಿಜ. ಮೂಗು ಹತ್ತಿರ ಒಯ್ದರೆ ಮಾತ್ರ ಹಳೆಯ ವಾಸನೆ ಹಾಗೇ ಇತ್ತು. ಅಕ್ಕ ಮೂಗಿಗೆ ಸೆರಗು ಹಿಡಿದು ಹತ್ತಿ ತುಂಬಿ, ಹಿಂದೆ ಕೆಂಪು ಖಣ ಜೋಡಿಸಿ, ಅಂಚು ಹೊಲಿದು, ನಾಲ್ಕು ಮೂಲೆಗೆ ಗೊಂಡೆ ಕಟ್ಟಿದಳು. ಕೊನೆಗೆ ಅತ್ತರಿನ ಹನಿ ಬಿಟ್ಟಳು. ಪಡಸಾಲೆಯ ಗಾದಿಯ ಮೇಲೆ ಇಟ್ಟಾಗ ಎಲ್ಲರೂ ಅದನ್ನೇ ನೋಡಿದರು.

ಸಾಹುಕಾರರು ಬಂದರು. ವರ ಬಂದಿರಲಿಲ್ಲ. ಸಾಹುಕಾರರದು ಎರಡಾಳಿನ ದೇಹ, ಎಣ್ಣೆ ಇಳಿಯುತ್ತಿದ್ದ ತಲೆ. ಬಲಗಾಲಿನ ಹುಣ್ಣಿಗೆ ಅರಿವೆ ಸುತ್ತಿದ್ದರು. ಅದರಿಂದ ಮುಲಾಮು, ಕೀವು ಎರಡೂ ಸೇರಿದ ನಾತ. ಮೊದಲು ದಿಂಬಿಗೆ ತಲೆಯಾನಿಸಿದರು. ಬೇಸನ್ ಉಂಡಿ ತಿಂದು ತುಪ್ಪದ ಬೆರಳನ್ನು ಅದರ ಗೊಂಡೆಗೆ ಒರೆಸಿದರು. ಎಲೆ ಹಾಕಿಕೊಂಡು ಸುಣ್ಣದ ಬೆರಳನ್ನು ನವಿಲಿಗೆ ತೀಡಿದರು. ಆಮೇಲೆ, "ಕಾಲು ಭಾಳ ಸೆಳೀತೈತ್ರಿ" ಎನ್ನುತ್ತ ದಿಂಬನ್ನು ಎಳೆದು ಆ ಹುಣ್ಣಿನ ಕಾಲಿಗೆ ಕೊಟ್ಟರು. ಹಿಮ್ಮಡಿ ನೇರವಾಗಿ ಗೋಪುರದ ಮೇಲೆ ಕುಳಿತಿತು.

ನಾನು ಬಾಗಿಲ ಸಂದಿಯಿಂದ ಅಪ್ಪನ ಮುಖ ನೋಡಿದೆ. ಅಪ್ಪ ನಗುತ್ತಿದ್ದ. "ಆರಾಮ ಕುಂಡ್ರಿ, ನಿಮ್ಮದ ಮನಿ" ಎಂದ. ಹುಣ್ಣಿಗಿಂತ ಆ ನಗುವೇ ನನಗೆ ಹೆಚ್ಚು ಹೇಸಿಗೆ ತರಿಸಿತು.

ಅಕ್ಕನನ್ನು ಕರೆತಂದರು. ಅವಳು ತಲೆ ತಗ್ಗಿಸಿಯೇ ಬಂದಳು. ತಗ್ಗಿಸಿದ ಕಣ್ಣಿಗೆ ಮೊದಲು ಕಂಡದ್ದೇ ಆ ಕಾಲು.

"ಕಸೂತಿ ಬರತೈತೇನವಾ?" ಸಾಹುಕಾರರು ಕೇಳಿದರು.

"ನಿಮ್ಮ ಕಾಲಬುಡಕ ಐತಲ್ರಿ, ಅದು ನಾ ಹಾಕಿದ್ದ್ರಿ."

ಈಗಲಾದರೂ ಕಾಲು ತೆಗೆಯುತ್ತಾರೆಂದುಕೊಂಡೆ. ಅವರು ಹಿಮ್ಮಡಿಯನ್ನು ಇನ್ನಷ್ಟು ಒತ್ತಿ, "ಛಲೋ ಮೆತ್ತಗೈತಿ ಬಿಡು. ನಮ್ಮ ಮನ್ಯಾಗ ಇಂಥಾವು ಭಾಳ ಬೇಕಾಗತಾವ" ಎಂದು ನಕ್ಕರು. ಬಾಯಿಂದ ಕೆಂಪು ಎಂಜಲು ಸಿಡಿದು ಆನೆಯ ಮೇಲೆ ಬಿತ್ತು.

ಅಕ್ಕ ಬಗ್ಗಿ ದಿಂಬನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಕಾಲು ದಬಕ್ಕನೆ ನೆಲಕ್ಕೆ ಬಿತ್ತು. ಸಾಹುಕಾರರು "ಯಪ್ಪಾ!" ಎಂದು ಕೂಗಿದರು.

"ಇದನ್ನ ತೊಳೀಬೇಕ್ರಿ" ಎಂದಷ್ಟೇ ಹೇಳಿ ಅಕ್ಕ ಒಳಗೆ ಹೋದಳು.

ಗಾಡಿ ಹೂಡಿಸಿಕೊಂಡು ಅವರು ಹೊರಟೇಬಿಟ್ಟರು. ಅಪ್ಪ ಕೈಯೆತ್ತಿ ಅಡುಗೆಮನೆಗೆ ನುಗ್ಗಿದಾಗ ಅಡ್ಡ ಬಂದು ನಿಂತವಳು ಆಯಿ. "ನನ್ನ ಮಾನ ಕಳದ್ಲು!" ಎಂದು ಅಪ್ಪ ಕೂಗಿದ.

"ಮಗಳ ಕೈಕೆಲಸದ ಮ್ಯಾಲ ಅಂವ ಕಾಲಿಟ್ಟಾಗ ನೀ ಹಲ್ಲು ಕಿಸದಿ" ಎಂದಳು ಆಯಿ. "ನಿನ್ನ ಮಾನ ಅವಾಗ ಹೋಗೇತಿ. ಅಕಿ ತನ್ನದು ಉಳಿಸಿಕೊಂಡಾಳ."

ಅಪ್ಪ ಕೈ ಇಳಿಸಿದ.

ಮರುದಿನ ಅಕ್ಕ ಹೊಲಿಗೆ ಬಿಚ್ಚಿ, ಅಂಟವಾಳದ ನೊರೆಯಲ್ಲಿ ಚೌಕವನ್ನು ಮತ್ತೆ ಮತ್ತೆ ತಿಕ್ಕಿದಳು. ಕೆಂಪು ಎಳೆ ಬಣ್ಣ ಬಿಟ್ಟಿತು, ಕಲೆ ಬಿಡಲಿಲ್ಲ. ತಿರುವಿ ನೋಡಿದಳು. ಅತ್ತಲೂ ಅದೇ ಕಲೆ. ಮುಲಾಮಿನ ನಾತವೂ ಹಾಗೇ ಇತ್ತು. ಅಳಲಿಲ್ಲ ಅವಳು. ಹಿಂಡಿ, ಕೊಡವಿ, ಹಿತ್ತಿಲ ತಿಪ್ಪೆಗೆ ಎಸೆದಳು.

ಎರಡು ವರ್ಷದ ನಂತರ ಅಳವಂಡಿಯ ಒಬ್ಬ ಒಕ್ಕಲುಮಗನಿಗೆ ಅವಳನ್ನು ಕೊಟ್ಟರು. ಒಳ್ಳೆಯ ಮನುಷ್ಯ, ಅಕ್ಕ ಸುಖವಾಗಿಯೇ ಬಾಳಿದಳು. ಆದರೆ ಸೂಜಿ ಹಿಡಿಯಲಿಲ್ಲ. ತನ್ನ ಹೆಣ್ಣುಮಕ್ಕಳು ಕಲಿಸೆಂದು ಗೋಗರೆದರೂ, "ಯಾರ ಕಾಲಬುಡಕ ಹಾಕಾಕ?" ಎಂದು ಎದ್ದು ಹೋಗುತ್ತಿದ್ದಳು.

ಅಕ್ಕ ಹೋಗಿ ಬಹಳ ಕಾಲವಾಯಿತು. ಪರರ ಮನೆಯಲ್ಲಿ ನಾನು ಇಂದಿಗೂ ದಿಂಬಿಗೆ ಒರಗುವುದಿಲ್ಲ. ಹೆಣ್ಣನ್ನು ಹಾಗೆ ಕೂರಿಸಿ ನೋಡುವ ಕಾಲ ಮುಗಿಯುತ್ತ ಬಂದಿದೆ, ಮುಗಿಯಲಿ. ಅದರ ಜೊತೆಗೆ ಆ ಕೈಗಳೂ ಹೋದವು ಎಂಬುದೇ ಸಂಕಟ. ಮೊಮ್ಮಗಳು ಕೇಳಿದರೆ ಗವಂತಿ, ಮುರಗಿ, ನೇಗಿ, ಮೆಂತೆ ಎಂದು ಹೊಲಿಗೆಗಳ ಹೆಸರನ್ನು ಪಟಪಟನೆ ಹೇಳಬಲ್ಲೆ. ಹಾಕಿ ತೋರಿಸು ಎಂದರೆ, ನಮ್ಮ ಮನೆತನದಲ್ಲಿ ಯಾರಿಗೂ ಬರುವುದಿಲ್ಲ.